ಆ ಫೈಲನ್ನು ಒಲೆಗೆ ಹಾಕಬೇಡಿ

ಕಾಯಿಲೆ ವಾಸಿಯಾದ ಮೇಲೆ ಆಸ್ಪತ್ರೆಯ ಕಾಗದಗಳನ್ನು ನೀವೇನು ಮಾಡ್ತೀರಿ? ನಮ್ಮ ಚಿಕ್ಕಮ್ಮ ಬಚ್ಚಲೊಲೆಗೆ ಹಾಕಿದ್ದರು. ‘ಆ ಪೀಡೆ ಮನೇಲಿ ಯಾಕಿರಬೇಕು?’ ಅಂತ. ಸ್ತನ ಕ್ಯಾನ್ಸರ್ ಗೆದ್ದ ಸಂತೋಷದಲ್ಲಿ ಯಾರೂ ತಡೆಯಲಿಲ್ಲ. ಆರು ವರ್ಷಗಳ ನಂತರ ಕಾಯಿಲೆ ಮರುಕಳಿಸಿತು. ಡಾಕ್ಟರ್ ಮೊದಲು ಕೇಳಿದ್ದೇ, ‘ಹಳೇ ಫೈಲ್ ಎಲ್ಲಮ್ಮಾ?’ ಚಿಕ್ಕಪ್ಪ ಹಿಂದಿನ ಆಸ್ಪತ್ರೆಗೆ ಅಲೆದು ಜೆರಾಕ್ಸ್ ತರುವಷ್ಟರಲ್ಲಿ ಎರಡು ವಾರ ಹೋಯಿತು.

ಒಂದು ಫೈಲಿಗೆ ಅಷ್ಟು ಬೆಲೆಯೇ ಅಂತೀರಾ? ಸ್ತನ ಕ್ಯಾನ್ಸರ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಹೆಸರುಗಳಿರುತ್ತವೆ. ಮೊದಲೆರಡು ಪಾಸಿಟಿವ್ ಆಗಿದ್ದರೆ ಟಮಾಕ್ಸಿಫೆನ್‌ನಂಥ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಪಕ್ಕದ ಮಂಚದವರಿಗೆ ಹಿಡಿಸಿದ ಔಷಧ ನಿಮಗೂ ಹಿಡಿಸಬೇಕೆಂದೇನಿಲ್ಲ. ಇನ್ನೊಂದು ಮಾತು: ಕೀಮೋದಲ್ಲಿ ಕೊಡುವ ಡಾಕ್ಸೊರುಬಿಸಿನ್ ಹೃದಯಕ್ಕೆ ಪೆಟ್ಟು ಕೊಡಬಲ್ಲದು, ಅದಕ್ಕೇ ಜೀವಮಾನಕ್ಕೆ ಇಷ್ಟೇ ಎಂಬ ಮಿತಿಯಿದೆ. ಹಿಂದೆ ಎಷ್ಟು ಕೊಟ್ಟಿದ್ದರೆಂದು ಫೈಲಲ್ಲದೆ ಇನ್ಯಾರು ಹೇಳಬೇಕು?

ನಿಮ್ಮ ವಿವರ ಇನ್ನೊಬ್ಬಾಕೆಗೂ ದಾರಿಯಾಗುತ್ತದೆ. ಅಮೆರಿಕ ಸೇರಿ ಆರು ದೇಶಗಳ 10 ಸಾವಿರಕ್ಕೂ ಹೆಚ್ಚು ಮಹಿಳೆಯರು ‘ಟೈಲರ್‌ಎಕ್ಸ್’ ಎಂಬ ಅಧ್ಯಯನಕ್ಕೆ ಒಪ್ಪಿದರು. ಅವರ ಗಡ್ಡೆಯ 21 ಜೀನ್‌ಗಳನ್ನು ಪರೀಕ್ಷಿಸಿ ಅಂಕ ಕೊಟ್ಟರು. 2018ರಲ್ಲಿ ಫಲಿತಾಂಶ ಬಂತು: ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದು, ಕಂಕುಳಿನ ಗ್ರಂಥಿಗೆ ಹರಡದ ಕ್ಯಾನ್ಸರ್‌ನಲ್ಲಿ ಮಧ್ಯಮ ಅಂಕ ಬಂದವರ ಪೈಕಿ ಹೆಚ್ಚಿನವರಿಗೆ, ಅದರಲ್ಲೂ 50 ದಾಟಿದವರಿಗೆ, ಕೀಮೋ ಬೇಕಿಲ್ಲ, ಹಾರ್ಮೋನ್ ಚಿಕಿತ್ಸೆಯೇ ಸಾಕು. ಆ ಹೆಂಗಸರು ಒಪ್ಪಿದ್ದರಿಂದ ಮುಂದಿನ ಎಷ್ಟೋ ಹೆಂಗಸರ ತಲೆಗೂದಲು ಉಳಿಯಿತು!

ಹಾಗಂತ ಕೇಳಿದಲ್ಲೆಲ್ಲ ಕಣ್ಣುಮುಚ್ಚಿ ಸಹಿ ಹಾಕಬೇಡಿ. ‘ನನ್ನ ಹೆಸರು ಗುಟ್ಟಾಗಿರುತ್ತಾ? ಯಾರು ಯಾರು ನೋಡ್ತಾರೆ?’ ಅಂತ ಕೇಳಿ. ಸಂಶೋಧನೆಗೆ ಒಲ್ಲೆ ಅಂದರೂ ನಿಮ್ಮ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಎಷ್ಟೋ ಮನೆಗಳಲ್ಲಿ ಫೈಲು ಯಜಮಾನರ ಕೈಲಿ, ಮಾತುಕತೆ ಬಾಗಿಲಾಚೆ. ಕಾಯಿಲೆ ಮಾತ್ರ ನಮ್ಮದು! ಮೈ ನಿಮ್ಮದಾದ ಮೇಲೆ ವರದಿಯೂ ನಿಮ್ಮದೇ ಅಲ್ವೇ? ಬಯಾಪ್ಸಿ ಮತ್ತು ಆಪರೇಷನ್ ವರದಿ, ಡಿಸ್ಚಾರ್ಜ್ ಸಮ್ಮರಿ, ಕೀಮೋ ಔಷಧಗಳ ಹೆಸರು, ಪ್ರಮಾಣ ಇಷ್ಟನ್ನೂ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದು ಮಗಳಿಗೋ ತಂಗಿಗೋ ಕಳಿಸಿಡಿ.

ಚಿಕ್ಕಮ್ಮನ ಹೊಸ ಫೈಲು ಈಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿದೆ. ನಿಮ್ಮದು ಎಲ್ಲಿದೆ? ಇವತ್ತೇ ಒಮ್ಮೆ ಹುಡುಕಿ ನೋಡಿ.