ಅಂಗಡಿಯವರನ್ನು ಬೈಯುವ ಮೊದಲು ಅಳತೆ ಕೇಳಿ

ಡಬ್ಬಿಯ ಮೇಲೆ 1 ಟಿಬಿ ಎಂದು ಬರೆದಿರುವ ಹಾರ್ಡ್ ಡಿಸ್ಕ್ ತಂದು ಕಂಪ್ಯೂಟರಿಗೆ ಹಾಕಿ ನೋಡಿ. ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಉಳಿದ 69 ಜಿಬಿ ಎಲ್ಲಿ ಹೋಯಿತು? ನಮ್ಮಲ್ಲಿ ಹೆಚ್ಚಿನವರ ಬಾಯಿಂದ ಬರುವ ಮೊದಲ ಮಾತು "ಅಂಗಡಿಯವ ಮೋಸ ಮಾಡಿದ" ಎಂಬುದು. ಮನೆಯವರು ಕೂಡಿಟ್ಟ ದುಡ್ಡಿನಲ್ಲಿ ತಂದ ವಸ್ತು, ಸಿಟ್ಟು ಬರುವುದು ಸಹಜ. ಆದರೆ ಒಬ್ಬರಿಗೆ ಮೋಸಗಾರ ಎಂಬ ಹೆಸರು ಕೊಡುವ ಮೊದಲು, ಯಾವ ಅಳತೆಯಲ್ಲಿ ಎಣಿಸಿದ್ದು ಎಂದು ಕೇಳಬೇಕು.

ಗಂಗಾವತಿ ಕಡೆ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಒಂದು ರಾಶಿಯನ್ನು ಕ್ವಿಂಟಲ್‌ನಲ್ಲಿ ಹೇಳಿದರೆ 30, ಚೀಲದಲ್ಲಿ ಹೇಳಿದರೆ 40. ಭತ್ತ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಡಿಸ್ಕ್‌ನದೂ ಇದೇ ಕಥೆ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ. ಅವರ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅದರ 1 ಜಿಬಿ ಎಂದರೆ 1,07,37,41,824 ಬೈಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 931 ಬರುತ್ತದೆ. ಒಂದು ಬೈಟ್ ಕೂಡ ಕಳೆದುಹೋಗಿಲ್ಲ.

ಹಾಗಾದರೆ ತಪ್ಪು ಯಾರದು? ನನ್ನ ಅಭಿಪ್ರಾಯದಲ್ಲಿ, ಒಂದು ಅಳತೆಯಲ್ಲಿ ಎಣಿಸಿ ಇನ್ನೊಂದರ ಹೆಸರು ಬರೆಯುವ ವಿಂಡೋಸ್‌ನದು. 1024ರ ಲೆಕ್ಕಕ್ಕೆ ಗಿಬಿಬೈಟ್ ಎಂಬ ಬೇರೆ ಹೆಸರನ್ನು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲೇ ಕೊಟ್ಟಿದೆ. ಆಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕವನ್ನೇ ಹಿಡಿದಿದೆ, ಅಲ್ಲಿ ಅದೇ ಡಿಸ್ಕ್ 1 ಟಿಬಿ ಎಂದೇ ಕಾಣುತ್ತದೆ. ಈ ಗೊಂದಲ ಅಮೆರಿಕದಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. 2007ರಲ್ಲಿ ಸೀಗೇಟ್ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ, ಗ್ರಾಹಕರಿಗೆ ಬೆಲೆಯ ಶೇ. 5ರಷ್ಟು ಹಣ ಅಥವಾ ಉಚಿತ ಸಾಫ್ಟ್‌ವೇರ್ ಕೊಡುವ ರಾಜಿಗೆ ಒಪ್ಪಿತು.

ಎರಡನೆಯ ಬಗೆಯ ಕೊರತೆ ಬೇರೆ. 3 ಟಿಬಿ ಡಿಸ್ಕ್ ಹಾಕಿದಾಗ ಕೆಲವು ಸಲ 2048 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ, ಮಿಕ್ಕ 746 ಜಿಬಿ ಮುಟ್ಟಲಾಗದೆ ಉಳಿಯುತ್ತದೆ. ಇಲ್ಲಿ ಜಾಗ ಇದೆ, ಆದರೆ ಅದಕ್ಕೆ ವಿಳಾಸ ಇಲ್ಲ. ಡಿಸ್ಕ್‌ನ ವಿಭಾಗಗಳನ್ನು ಬರೆದಿಡುವ ಹಳೆಯ ಪಟ್ಟಿಗೆ ಎಂಬಿಆರ್ ಎಂದು ಹೆಸರು. 1983ರ ಡಾಸ್ ಕಾಲದ್ದು. ಅದರಲ್ಲಿ ವಿಳಾಸಕ್ಕೆ 32 ಬಿಟ್ ಮಾತ್ರ. 512 ಬೈಟಿನ ಸೆಕ್ಟರುಗಳನ್ನು ಅದು 429 ಕೋಟಿ ಚಿಲ್ಲರೆಯವರೆಗೆ ಎಣಿಸಬಲ್ಲದು, ಮುಂದಕ್ಕಿಲ್ಲ. ಹಾಜರಿ ಪುಸ್ತಕದಲ್ಲಿ ಮೂರೇ ಅಂಕಿಯ ಕಾಲಂ ಇದ್ದರೆ ಸಾವಿರನೆಯ ವಿದ್ಯಾರ್ಥಿಯ ಸಂಖ್ಯೆ ಬರೆಯಲಾಗದು. ಹುಡುಗ ಬೆಂಚಿನ ಮೇಲೆ ಕೂತಿದ್ದರೂ ಲೆಕ್ಕಕ್ಕಿಲ್ಲ!

ಇದಕ್ಕೆ ಪರಿಹಾರ ಜಿಪಿಟಿ ಎಂಬ ಹೊಸ ಪಟ್ಟಿ, ಅದರಲ್ಲಿ ವಿಳಾಸಕ್ಕೆ 64 ಬಿಟ್. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬದಲಿಸಬಹುದು. ಆದರೆ ಅಲ್ಲಿ ಬದಲಿಸಲು ಮೊದಲು ಎಲ್ಲ ವಿಭಾಗಗಳನ್ನು ಅಳಿಸಬೇಕು, ಡೇಟಾ ಹೋಗುತ್ತದೆ. ಆದ್ದರಿಂದ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರ ಜಿಪಿಟಿಯನ್ನು ಓದುವುದೇ ಇಲ್ಲ, ಅದೂ ನೆನಪಿರಲಿ.

ಮೂರನೆಯದು ನಿಜವಾದ ಕೊರತೆ. ಅದನ್ನು ಗುರುತಿಸಲು ಮುನಿರಾಬಾದಿನವರಾದ ನಾವು ದೂರ ಹೋಗಬೇಕಿಲ್ಲ. ನಮ್ಮ ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ 2008ರ ಸಮೀಕ್ಷೆಯಲ್ಲಿ 100.855 ಟಿಎಂಸಿ ಎಂದಾಯಿತು. 2016ರ ಸಮೀಕ್ಷೆಯಲ್ಲಿ 105.788. ನಡುವೆ ಜಲಾಶಯದ ಹೂಳು ತೆಗೆದು ಮುಗಿಸಿರಲಿಲ್ಲ, ಅಳೆದ ಬಗೆ ಬೇರೆಯಾಗಿತ್ತು. ಮೊದಲ ವ್ಯತ್ಯಾಸ ರೈತನ ನೀರಿಗೆ ಬಿದ್ದ ನಿಜವಾದ ಪೆಟ್ಟು, ಎರಡನೆಯದು ಅಳತೆಯದು. ಎರಡನ್ನೂ ಒಂದೇ ಎಂದು ತಿಳಿದರೆ ತೀರ್ಮಾನ ತಪ್ಪುತ್ತದೆ.

ಡಿಸ್ಕ್ ವ್ಯಾಪಾರದಲ್ಲೂ ನಿಜವಾದ ಮೋಸ ಇದೆ. ವಿಚಿತ್ರವೆಂದರೆ ಅಲ್ಲಿ ಕಂಪ್ಯೂಟರ್ ಪೂರ್ತಿ ಸಂಖ್ಯೆ ತೋರಿಸುತ್ತದೆ! ತೀರಾ ಅಗ್ಗಕ್ಕೆ ಸಿಗುವ "2 ಟಿಬಿ" ಪೆನ್‌ಡ್ರೈವ್‌ಗಳಲ್ಲಿ ಕೆಲವಕ್ಕೆ ಸುಳ್ಳು ಸಾಮರ್ಥ್ಯ ಹೇಳುವಂತೆ ಮಾಡಿರುತ್ತಾರೆ. ಒಳಗೆ ಇರುವುದು ಅದರ ಸಣ್ಣ ಪಾಲು. ಆ ಪಾಲು ತುಂಬಿದ ಮೇಲೆ ಹಾಕಿದ ಫೈಲುಗಳು ಕೆಡುತ್ತವೆ. 931 ಕಂಡು ಜಗಳಕ್ಕೆ ಹೋಗುವವರು ಇಲ್ಲಿ ಸಂಖ್ಯೆ ನೋಡಿ ಸಂತೋಷದಿಂದ ಮನೆಗೆ ಬರುತ್ತಾರೆ. ಪ್ರಾಮಾಣಿಕ ವ್ಯಾಪಾರಿಗೆ ಬೈಗುಳ, ಮೋಸಗಾರನಿಗೆ ಧನ್ಯವಾದ. ಅಳತೆ ತಿಳಿಯದ್ದರ ಫಲ ಇದು.

"ಇದೆಲ್ಲ ರಿಪೇರಿಯವರ ಕೆಲಸ, ಪರೀಕ್ಷೆಗೆ ಬರುವುದಿಲ್ಲ" ಎನ್ನುವವರಿದ್ದಾರೆ. 1 ಕೆಬಿ ಎಂದರೆ 1024 ಬೈಟ್ ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಅದೇ 1024 ಕೈಯಲ್ಲಿರುವ ಡಿಸ್ಕ್‌ನಲ್ಲಿ ಎದುರಾದಾಗ ಗುರುತು ಸಿಗದಿದ್ದರೆ ಓದಿದ್ದು ಯಾತಕ್ಕೆ?

ಆದ್ದರಿಂದ ಉಪನ್ಯಾಸಕರಲ್ಲಿ ಎರಡು ಕೋರಿಕೆ. ಮೊದಲ ಪಿಯುಸಿಯ ಪ್ರಾಯೋಗಿಕ ತರಗತಿಯ ಒಂದು ಅವಧಿಯಲ್ಲಿ ನಿಜವಾದ ಡಿಸ್ಕ್ ಇಟ್ಟು ಈ ಲೆಕ್ಕ ಮಾಡಿಸಿ. ಲ್ಯಾಬಿನ ಪ್ರತಿ ಕಂಪ್ಯೂಟರಿನ ಮೇಲೆ ಡಿಸ್ಕ್ ಎಷ್ಟು ಬೈಟಿನದು, ಪಟ್ಟಿ ಎಂಬಿಆರೋ ಜಿಪಿಟಿಯೋ ಎಂದು ಚೀಟಿ ಅಂಟಿಸಿ. ಚೀಟಿ ಬರೆಯುವ ಕೆಲಸ ನಾವೇ ಮಾಡುತ್ತೇವೆ.

ಗೆಳೆಯ ಗೆಳತಿಯರಿಗೆ ಒಂದೇ ಮಾತು. ಹೊಸ ಡಿಸ್ಕ್ ತಂದಾಗ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ಬೈಟಿನ ಸಂಖ್ಯೆ ಓದಿ. ಪೆನ್‌ಡ್ರೈವ್ ಆದರೆ ಪೂರ್ತಿ ತುಂಬಿಸಿ, ಫೈಲುಗಳು ಮತ್ತೆ ತೆರೆಯುತ್ತವೆಯೇ ನೋಡಿ. ಆಮೇಲೂ ಲೆಕ್ಕ ಕೂಡದಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ, ಧೈರ್ಯವಾಗಿ ಕೇಳಿ.