ಅಜ್ಜಿಯ ಮರೆವಿಗೆ ಅಣಬೆ ಡಬ್ಬಿ ತರಿಸುವ ಮುಂಚೆ

ಕೆರೆಕಟ್ಟೆಯವರಿಗೆ ಅಣಬೆ ಹೊಸದಲ್ಲ. ಹುತ್ತದ ಮೇಲೆ ಎದ್ದರೆ ಅಂದು ಮನೆಯಲ್ಲಿ ಅಣಬೆ ಸಾರು. ಅಡಿಕೆ ಮರದ ಬುಡದಲ್ಲಿ ಎದ್ದರೆ ಆ ಮರದ ಆಸೆ ಬಿಟ್ಟಂತೆ. ಅಡಿಕೆಗೆ ಅಣಬೆ ರೋಗ ತರುವುದು ಗ್ಯಾನೋಡರ್ಮಾ. ಈಗ ಮೊಬೈಲಿನಲ್ಲಿ ‘ಮಿದುಳಿಗೆ ಟಾನಿಕ್’ ಎಂದು ಮಾರುವ ರೀಶಿ ಕೂಡ ಅದೇ ಜಾತಿಗೆ ಸೇರಿದ್ದು. ಹಾಗಂತ ತೋಟದ್ದನ್ನು ಕಿತ್ತು ಕಷಾಯ ಮಾಡಬೇಡಿ!

ಜಾಹೀರಾತಿನಲ್ಲಿ ಹೆಚ್ಚು ಕಾಣುವ ಇನ್ನೊಂದು ಹೆಸರು ಲಯನ್ಸ್ ಮೇನ್. 2009ರಲ್ಲಿ ಜಪಾನಿನಲ್ಲಿ ಅಲ್ಪ ಮರೆವಿದ್ದ 50ರಿಂದ 80 ವರ್ಷದವರಿಗೆ ಇದರ ಮಾತ್ರೆಯನ್ನು 16 ವಾರ ಕೊಟ್ಟು ನೋಡಿದರು. ನೆನಪಿನ ಪರೀಕ್ಷೆಯ ಅಂಕ ಸ್ವಲ್ಪ ಏರಿತು, ನಿಲ್ಲಿಸಿದ 4 ವಾರಕ್ಕೆ ಇಳಿಯಿತು. ಆದರೆ ಪರೀಕ್ಷೆಯಲ್ಲಿ ಇದ್ದವರು ಸುಮಾರು 30 ಜನ ಮಾತ್ರ. ಇಷ್ಟನ್ನೇ ನಂಬಿ ಸಾವಿರಾರು ರೂಪಾಯಿ ಕೊಡುವುದು ದುಡುಕು ಎಂಬುದು ನಮ್ಮ ಅಭಿಪ್ರಾಯ.

ಕೊಳ್ಳಲೇಬೇಕು ಅನ್ನುವವರು ಡಬ್ಬಿಯ ಹಿಂಬದಿ ಓದಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ‘ಫ್ರೂಟಿಂಗ್ ಬಾಡಿ’ ಎಂದಿದ್ದರೆ ಅದು ನಾವು ತಿನ್ನುವ ಅಣಬೆಯ ಭಾಗ. ‘ಮೈಸೀಲಿಯಂ’ ಎಂದರೆ ಬಿಳಿ ಎಳೆ. ಅದನ್ನು ಧಾನ್ಯದ ಮೇಲೆ ಬೆಳೆಸಿ ಧಾನ್ಯದ ಸಮೇತ ಪುಡಿ ಮಾಡಿದ್ದರೆ ನೀವು ಕೊಳ್ಳುವುದರಲ್ಲಿ ಹಿಟ್ಟೂ ಸೇರಿರುತ್ತದೆ. ಬೀಟಾ ಗ್ಲೂಕಾನ್ ಶೇಕಡಾ ಎಷ್ಟು ಎಂದು ಬರೆದಿದೆಯೇ ನೋಡಿ. ಬರೀ ‘ಪಾಲಿಸ್ಯಾಕರೈಡ್’ ಎಂದಿದ್ದರೆ ಆ ಲೆಕ್ಕದಲ್ಲಿ ಪಿಷ್ಟವೂ ಸೇರಿರಬಹುದು. ಅಣಬೆ ತಾನು ಬೆಳೆದ ಜಾಗದ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಲ್ಯಾಬ್ ರಿಪೋರ್ಟ್ ಕೇಳಿ. ‘ಮರೆವಿನ ಕಾಯಿಲೆ ವಾಸಿ’ ಎಂದು ಬರೆದಿದ್ದರೆ ಡಬ್ಬಿ ಅಲ್ಲೇ ಇಡಿ. ಇಂಥ ಪುಡಿ, ಮಾತ್ರೆಗಳು ಕಾನೂನಿನ ಪ್ರಕಾರ ಆಹಾರವೇ ಹೊರತು ಔಷಧವಲ್ಲ.

ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ನಮಗೆ ದುಡ್ಡಿಗಿಂತ ಹೆಚ್ಚು ಚಿಂತೆ ಇರುವುದು ಸಮಯದ್ದು. ಅಜ್ಜಿ ಒಲೆ ಮೇಲೆ ಹಾಲಿಟ್ಟು ಮರೆತರೆ ‘ವಯಸ್ಸಾಯ್ತು’ ಅನ್ನುತ್ತೇವೆ. ಬಿ12 ಕೊರತೆ, ಥೈರಾಯಿಡ್, ಕಿವಿ ಮಂದವಾಗುವುದು, ನಿದ್ರೆ ಮಾತ್ರೆ, ಒಂಟಿತನದ ಬೇಸರ, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ದಾರಿಯಿದೆ. ಡಬ್ಬಿ ನಂಬಿ ಆರು ತಿಂಗಳು ಕಾದರೆ ಆ ಆರು ತಿಂಗಳು ಹೋದಂತೆಯೇ.

ಆ ದುಡ್ಡಿನಲ್ಲಿ ಅಜ್ಜಿಯನ್ನು ಶೃಂಗೇರಿಗೋ ಕೊಪ್ಪಕ್ಕೋ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಬರುವಾಗ ಬಸ್ಸಿನಲ್ಲಿ ಹಳೇ ಕತೆ ಕೇಳಿ. ಮಾತಾಡುವವರು ಜೊತೆಗಿದ್ದರೆ ಮನಸ್ಸೂ ಚುರುಕಾಗಿರುತ್ತದೆ.