ಹತ್ತಿಕಟ್ಟಿಗೆಯ ಒಲೆ

ತೆಲಂಗಾಣದ ಗದ್ವಾಲ ಸೀಮೆಯ ಕೆ.ಟಿ. ದೊಡ್ಡಿ ಕಡೆ ಮನೆ ಬೆಚ್ಚಗಿಡಲು ಕಟ್ಟಿಗೆ ಬೇಕಿಲ್ಲ, ಬಿಸಿಲೇ ಸಾಕು. ಬೇಕಿರುವುದು ರೊಟ್ಟಿಗೆ, ಜಳಕದ ನೀರಿಗೆ. ಈ ಸೀಮೆ ಹತ್ತಿಬೀಜಕ್ಕೆ ಹೆಸರಾದದ್ದು. ಬೆಳೆ ಮುಗಿದ ಮೇಲೆ ಕಿತ್ತ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಹಳ್ಳದ ದಂಡೆಯ ಬಳ್ಳಾರಿ ಜಾಲಿ ಇವೇ ಬಡವರ ಉರುವಲು. ಆದರೆ ಹಿತ್ತಲಲ್ಲಿ ಒಟ್ಟಿದ ಹತ್ತಿಕಟ್ಟಿಗೆಯ ಒಣಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿದ್ದು ಮುಂಗಾರಿಗೆ ಮತ್ತೆ ಹೊಲ ಸೇರುತ್ತದೆ. ಕಟ್ಟಿಗೆಯನ್ನು ಪುಡಿಮಾಡಿ ಮಣ್ಣಿಗೆ ಸೇರಿಸಿ ಎನ್ನುತ್ತಾರೆ ಕೃಷಿ ತಜ್ಞರು. ಸರಿಯೇ, ಒಲೆಗೇನು? ತೆಲಂಗಾಣ ಸರ್ಕಾರ 2024ರಲ್ಲಿ 500 ರೂಪಾಯಿಗೆ ಸಿಲಿಂಡರ್ ಯೋಜನೆ ತಂದಿತು. ಆದರೆ ಪೂರ್ತಿ ಬೆಲೆ ಮೊದಲು ತೆರಬೇಕು, ಸಬ್ಸಿಡಿ ಆಮೇಲೆ ಖಾತೆಗೆ. ಕೂಲಿಯ ಮನೆಗೆ ಆ ‘ಮೊದಲು’ ಎಂಬುದೇ ಭಾರ. ಸರ್ಕಾರ ಸಿಲಿಂಡರ್ ಕೊಡುವಾಗಲೇ ಸಬ್ಸಿಡಿ ಕಳೆದು ಹಣ ಪಡೆಯಲಿ. ಅಲ್ಲಿಯವರೆಗೆ ಒಣಕಾಯಿ ಕಿತ್ತು ಸುಟ್ಟು, ಬರೀ ಕಟ್ಟಿಗೆ ಒಟ್ಟುವಂತೆ ಊರೂರಲ್ಲಿ ತಿಳಿಹೇಳಲಿ.